ಅದೇ ಡಾಕ್ಟರು, ಬೇರೆ ಬಾಗಿಲು

ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಕಾಯುವವರ ಪಟ್ಟಿ ಉದ್ದವಾದಾಗಲೆಲ್ಲ ಸರ್ಕಾರಗಳಿಗೆ ಹೊಳೆಯುವುದು ಒಂದೇ ದಾರಿ. ಸ್ವಲ್ಪ ಜನರನ್ನು ಖಾಸಗಿಯವರ ಹತ್ತಿರ ಕಳಿಸೋಣ, ದುಡ್ಡು ನಾವು ಕಟ್ಟೋಣ. ಕೇಳಲು ಚೆನ್ನಾಗಿಯೇ ಇದೆ. ಆದರೆ ಅಲ್ಲಿ ಆಪರೇಷನ್ ಮಾಡುವವರು ಯಾರು? ಬ್ರಿಟನ್ನಿನಲ್ಲಾದರೆ ಬಹುಪಾಲು ಅದೇ ಸರ್ಕಾರಿ ಸರ್ಜನ್ನುಗಳು, ಬಿಡುವಿನ ಹೊತ್ತಿನಲ್ಲಿ. ಕಟ್ಟಡ ಎರಡಾಯಿತು, ಡಾಕ್ಟರು ಮಾತ್ರ ಒಬ್ಬರೇ.

ಇಂಗ್ಲೆಂಡಿನ ಕಣ್ಣಿನ ಪೊರೆ ಆಪರೇಷನ್ ನೋಡಿ. ಎನ್‌ಎಚ್‌ಎಸ್, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ದುಡ್ಡಲ್ಲಿ ನಡೆಯುವ ಈ ಆಪರೇಷನ್‌ಗಳಲ್ಲಿ ಈಗ ಅರ್ಧಕ್ಕಿಂತ ಜಾಸ್ತಿ ಖಾಸಗಿ ಕ್ಲಿನಿಕ್ಕುಗಳಲ್ಲೇ ಆಗುತ್ತವೆ. ಪೊರೆ ಬಂದವರಿಗೆ ಬೇಗ ಸರದಿ ಸಿಕ್ಕಿದ್ದು ನಿಜ, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಕ್ಲಿನಿಕ್ಕುಗಳಿಗೆ ಇಷ್ಟವಾಗುವುದು ಸುಲಭದ ಕೇಸು. ಗ್ಲಾಕೋಮಾ (ಕಣ್ಣಿನ ನರ ಕೆಡಿಸುವ ಕಾಯಿಲೆ), ರೆಟಿನಾ (ಕಣ್ಣಿನ ಒಳಪರದೆ) ತೊಂದರೆ ಇರುವವರೆಲ್ಲ ಸರ್ಕಾರಿ ಆಸ್ಪತ್ರೆಯಲ್ಲೇ ಕಾಯುತ್ತಾ ಕೂರಬೇಕು, ಅದೂ ನರ್ಸುಗಳು, ಡಾಕ್ಟರುಗಳು ಹೊರಗೆ ಹೋಗಿ ಖಾಲಿಯಾದ ಜಾಗದಲ್ಲಿ. ಪೊರೆ ತಡವಾಗಿ ತೆಗೆದರೂ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಹೋದ ಹಾಗೇ. ಹಾಗಿದ್ದರೆ ಮೊದಲು ಯಾರ ಸರದಿ ಬರಬೇಕಿತ್ತು?

ಯಾರೂ ಅಷ್ಟಾಗಿ ಮಾತಾಡದ ಇನ್ನೊಂದು ನಷ್ಟವಿದೆ. ಹೊಸ ಡಾಕ್ಟರುಗಳ ಕೈ ಪಳಗುವುದು ಸುಲಭದ ಕೇಸುಗಳಲ್ಲೇ. ಅವೆಲ್ಲ ಹೊರಗೆ ಹೋದರೆ ಹತ್ತು ವರ್ಷ ಬಿಟ್ಟು ಕಷ್ಟದ ಕೇಸು ಮಾಡುವವರು ಎಲ್ಲಿಂದ ಬರಬೇಕು?

ಐರ್ಲೆಂಡು 2002ರಲ್ಲಿ ಹೀಗೆ ಚಿಕಿತ್ಸೆ ಕೊಂಡುಕೊಡಲೆಂದೇ ನ್ಯಾಷನಲ್ ಟ್ರೀಟ್‌ಮೆಂಟ್ ಪರ್ಚೇಸ್ ಫಂಡ್ ಶುರು ಮಾಡಿತು. ಆ ಫಂಡೂ ಇನ್ನೂ ಇದೆ, ಪಟ್ಟಿಯೂ ಇದೆ.

ನನಗೆ ಸರಿ ಅನ್ನಿಸುವುದು ಇಂಗ್ಲೆಂಡಿನಲ್ಲೇ ಬೆಳೆಯುತ್ತಿರುವ ಸರ್ಜಿಕಲ್ ಹಬ್‌ಗಳು. ಸರ್ಕಾರಿ ಆಸ್ಪತ್ರೆಯೊಳಗೇ ಮುಂಚೆಯೇ ದಿನ ನಿಗದಿಯಾದ ಆಪರೇಷನ್‌ಗಳಿಗೆ ಬೇರೆ ಥಿಯೇಟರು, ಬೇರೆ ಹಾಸಿಗೆ. ಎಮರ್ಜೆನ್ಸಿ ವಾರ್ಡ್ ತುಂಬಿತು ಅಂತ ಮಂಡಿ ಆಪರೇಷನ್ ಹಿಂದಿನ ರಾತ್ರಿ ರದ್ದಾಗುವುದು ಇದರಿಂದ ಕಡಿಮೆಯಾಗುತ್ತದೆ. ಸುಮ್ನೆ ಕಟ್ಟಡ ಕಟ್ಟಿದರೆ ಆಗದು ಬಿಡಿ, ಅರಿವಳಿಕೆ ಕೊಡುವ ಡಾಕ್ಟರಿಲ್ಲದ ಥಿಯೇಟರು ಬರೀ ಬೀಗ ಹಾಕಿದ ಕೋಣೆ ಅಲ್ವಾ.

ನಾಳೆಯೇ ಹೊರಗುತ್ತಿಗೆ ನಿಲ್ಲಿಸಿ ಅನ್ನುತ್ತಿಲ್ಲ. ಹಾಗೆ ಮಾಡಿದರೆ ಪೆಟ್ಟು ಬೀಳುವುದು ಕಾಯುತ್ತಿರುವವರಿಗೇ. ವರ್ಷ ವರ್ಷ ಸ್ವಲ್ಪ ಸ್ವಲ್ಪ ತಗ್ಗಿಸಿ, ಆ ದುಡ್ಡಲ್ಲಿ ಕಾಯಂ ಸಿಬ್ಬಂದಿ ತೆಗೆದುಕೊಳ್ಳಲಿ. ಅಲ್ಲಿಯವರೆಗೆ ಗುತ್ತಿಗೆಯಲ್ಲಿ ಎರಡು ಷರತ್ತಾದರೂ ಇರಲಿ: ಕಲಿಯುವ ಡಾಕ್ಟರುಗಳಿಗೆ ಅಲ್ಲೂ ಜಾಗ ಕೊಡಬೇಕು, ಮತ್ತು ಆಪರೇಷನ್ ಕೆಟ್ಟು ರೋಗಿ ಸರ್ಕಾರಿ ಆಸ್ಪತ್ರೆಗೆ ವಾಪಸ್ ಬಂದರೆ ಆ ಖರ್ಚು ಖಾಸಗಿಯವರೇ ಕಟ್ಟಬೇಕು.