ಗದ್ದೆಗೆ ಬರುವ ಕಡವೆ, ರಸ್ತೆಯಲ್ಲಿ ಬಿದ್ದ ಕಡವೆ

12 ಡಿಸೆಂಬರ್ 2024, ಗುರುವಾರ
ಮಂಡಗದ್ದೆ ಹತ್ತಿರ, ತೀರ್ಥಹಳ್ಳಿ ತಾಲ್ಲೂಕು

ಬೆಳಿಗ್ಗೆ ಹಾಲು ಕರೆದು ಏಳುವ ಹೊತ್ತಿಗೆ ಪಕ್ಕದ ಮನೆ ಗೌಡ್ರ ಫೋನ್. "ತಿರುವಿನ ಹತ್ರ ಕಡವೆ ಬಿದ್ದಿದೆ ಮಾರಾಯ್ರೆ, ಯಾರಾದ್ರೂ ಬನ್ನಿ." ನಮ್ಮನೆಯವರು ಅಡಿಕೆ ಬೇಯಿಸುವ ಒಲೆ ಮುಂದೆ ಇದ್ದರು. ಹಂಡೆ ಕುದಿಯುವಾಗ ಬಿಟ್ಟು ಬರುವ ಹಾಗಿಲ್ಲ. ನಾನೇ ಹೋದೆ.

ಹೆಣ್ಣು ಕಡವೆ. ರಾತ್ರಿ ಯಾವುದೋ ಗಾಡಿ ಗುದ್ದಿ ಹೋಗಿದೆ. ಗುದ್ದಿದವರು ನಿಂತಿಲ್ಲ, ಬಂಪರಿನ ಒಂದು ಕರಿ ಚೂರು ಬಿಟ್ಟು ಹೋಗಿದ್ದಾರೆ. ನಿಂತರೆ ಕೇಸು, ಸ್ಟೇಷನ್ನು, ಅಲೆದಾಟ ಅನ್ನುವ ಹೆದರಿಕೆ ಇರಬೇಕು. ಅರ್ಧ ಮೈ ಟಾರಿನ ಮೇಲೆ, ಅರ್ಧ ಮಣ್ಣಿನ ಮೇಲೆ. ಮೇಲಿಂದ ಮಂಜು. ಹತ್ತು ಮಾರು ದೂರದಿಂದ ಕಾಣುತ್ತಿರಲಿಲ್ಲ.

ಅರಣ್ಯ ಇಲಾಖೆಯ ಸಹಾಯವಾಣಿ 1926. ಅದಕ್ಕೆ ಹೇಳಿದೆ, ನಮ್ಮ ಕಡೆಯ ಗಾರ್ಡಿಗೂ ಹೇಳಿದೆ. "ಫೋಟೋ ತೆಗ್ದು ಬದಿಗೆ ಎಳೆದು ಹಾಕ್ಸಿ ಅಕ್ಕಾ, ಬರಿಗೈಯಲ್ಲಿ ಮುಟ್ಬೇಡಿ" ಅಂದರು. ಎಳೆಯುವುದು ಅಂದರೆ ಸುಮ್ನೆ ಮಾತಲ್ಲ. ಕಡವೆ ಕರುವಿನ ಗಾತ್ರದ್ದಲ್ಲ, ದೊಡ್ಡ ಗಂಡಾದರೆ 250 ಕೆ.ಜಿ. ದಾಟುತ್ತದೆ. ಹೆಣ್ಣು ಅದಕ್ಕಿಂತ ಹಗುರ, ಆದರೂ ಗೌಡ್ರು, ಅವರ ಮಗ, ಅಡಿಕೆ ಕೊನೆ ತೆಗೆಯಲು ಬಂದಿದ್ದ ಇಬ್ಬರು, ಎಲ್ಲ ಸೇರಿ ಕಾಲಿಗೆ ಹಗ್ಗ ಹಾಕಿ ಎಳೆದರು. ನಾನು ಬ್ಯಾಟರಿ ಹಿಡಿದು ತಿರುವಿನ ಆಚೆ ನಿಂತು ಗಾಡಿಗಳನ್ನು ನಿಧಾನ ಮಾಡಿಸಿದೆ.

ರಸ್ತೆಯಲ್ಲಿ ಹೆಣ ಇರಲಿ ಬಿಡಿ, ಇಲಾಖೆಯವರು ಬಂದು ತೆಗೀತಾರೆ ಅನ್ನುವವರಿದ್ದಾರೆ. ಆದರೆ ಒಂದು ಹೆಣ ಅಲ್ಲೇ ಬಿದ್ದಿದ್ದರೆ ಇನ್ನೊಂದು ಸಾವು ಗ್ಯಾರಂಟಿ. ತಿನ್ನಲು ನರಿ ಬರುತ್ತದೆ, ಪುನುಗು ಬೆಕ್ಕು ಬರುತ್ತದೆ, ಊರನಾಯಿ ಬರುತ್ತದೆ. ತಲೆ ಬಗ್ಗಿಸಿ ತಿನ್ನುವ ಪ್ರಾಣಿಗೆ ಹಿಂದಿನಿಂದ ಬರುವ ಲಾರಿ ಎಲ್ಲಿ ಗೊತ್ತಾಗಬೇಕು? ಬೈಕಿನವರ ಕಥೆ ಬೇರೆ ಹೇಳಬೇಕಾಗಿಲ್ಲ. ಸತ್ತ ಕಾಡುಬೆಕ್ಕು, ಮುಂಗುಸಿ ಕಂಡರೆ ಒಂದು ಕೋಲಿನಲ್ಲಿ ಚರಂಡಿಯ ಆಚೆ ತಳ್ಳಿ ಹೋಗಿ. ಅಷ್ಟು ಮಾಡಿದರೂ ದೊಡ್ಡದು.

ಬರಿಗೈ ಬೇಡ ಅಂದದ್ದಕ್ಕೆ ನಮ್ಮ ಕಡೆ ಕಾರಣ ಇದೆ: ಉಣುಗು, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆ. ಮೈ ತಣ್ಣಗಾಗುತ್ತಿದ್ದ ಹಾಗೆ ಅವು ಇಳಿದು ಬೇರೆ ಮೈ ಹುಡುಕುತ್ತವೆ. ಕಡವೆಯ ಕಿವಿಯ ಒಳಗೆ ನೋಡಿದರೆ ಅವಲಕ್ಕಿ ಅಂಟಿಸಿದ ಹಾಗಿತ್ತು. ಮಂಗನ ಕಾಯಿಲೆ ಅನ್ನುವ ಜ್ವರ ಮೊದಲು ಪತ್ತೆಯಾಗಿದ್ದು 1957ರಲ್ಲಿ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನ ಹತ್ತಿರ. ಹೆಸರು ಮಂಗನದು, ಹರಡುವುದು ಉಣುಗು. ಡಿಸೆಂಬರಿನಿಂದ ಮಳೆ ಹಿಡಿಯುವವರೆಗೂ ಅದರ ಕಾಲ. ಗೌಡ್ರ ಮಗ ಪ್ಯಾಂಟನ್ನು ಕಾಲುಚೀಲದ ಒಳಗೆ ತುರುಕಿ, ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಟ್ಟ ಡೆಪಾ ಎಣ್ಣೆ ಹಚ್ಚಿಕೊಂಡೇ ಬಂದಿದ್ದ. ಗೌಡ್ರು ಲುಂಗಿ ಎತ್ತಿ ಕಟ್ಟಿಕೊಂಡು ಬಂದಿದ್ದರು. ಮನೆಗೆ ಹೋಗಿ ಬಿಸಿನೀರು ಸ್ನಾನ ಮಾಡಿ, ಬಟ್ಟೆ ಕುದಿಯುವ ನೀರಿಗೆ ಹಾಕಿ ಅಂತ ಬೈದು ಕಳಿಸಿದೆ.

ಅಷ್ಟರಲ್ಲಿ ಒಬ್ಬ ಬೈಕ್ ನಿಲ್ಲಿಸಿದ. ಊರವನೇನೂ ಅಲ್ಲ. ಕಡವೆ ನೋಡಿದ, ನಮ್ಮನ್ನು ನೋಡಿದ. "ಇಷ್ಟು ಒಳ್ಳೆ ಮಾಂಸ ಸುಮ್ನೆ ಮಣ್ಣುಪಾಲಲ್ವಾ? ನಾವೇನು ಹೊಡ್ದಿಲ್ವಲ್ಲ" ಅಂದ. ಮಲೆನಾಡಿನಲ್ಲಿ ಶಿಕಾರಿಯ ರುಚಿ ಗೊತ್ತಿರುವ ನಾಲಿಗೆಗಳು ಇನ್ನೂ ಇವೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಸತ್ತು ಬಿದ್ದ ಕಾಡುಪ್ರಾಣಿಯೂ ಸರ್ಕಾರದ ಸ್ವತ್ತು. ಮಾಂಸ, ಚರ್ಮ, ಕೊಂಬು ಎಲ್ಲ. ಅಂಥದ್ದು ಕೈಗೆ ಬಂದರೆ 48 ಗಂಟೆಯೊಳಗೆ ತಿಳಿಸಬೇಕು. ಕಾಯ್ದೆ ಸ್ವಲ್ಪ ಅತಿಯಾಯ್ತು ಅನ್ನಿಸುವವರು ಒಂದು ಯೋಚನೆ ಮಾಡಿ. ರಸ್ತೆಯಲ್ಲಿ ಸತ್ತದ್ದು ಸಿಕ್ಕವರಿಗೆ ಅಂತ ನಾಳೆ ಆದೇಶ ಬಂದರೆ, ನಾಡಿದ್ದರಿಂದ ನಮ್ಮ ರಸ್ತೆಯಲ್ಲಿ 'ಅಪಘಾತ' ಎಷ್ಟಾಗಬಹುದು!

ಹತ್ತು ಗಂಟೆ ಸುಮಾರಿಗೆ ಗಾರ್ಡ್ ಬಂದರು, ಆಮೇಲೆ ಪಶುವೈದ್ಯರು. ಮಹಜರು ಬರೆದರು, ಗೌಡ್ರು ಸಹಿ ಹಾಕಿದರು. ಕೆಚ್ಚಲಲ್ಲಿ ಇನ್ನೂ ಹಾಲಿತ್ತು. ಕರು ಹತ್ತಿರದಲ್ಲೇ ಇರಬಹುದು ಅಂತ ಎಲ್ಲರಿಗೂ ಹೊಳೆಯಿತು, ಯಾರೂ ಬಾಯಿ ಬಿಡಲಿಲ್ಲ. ಗೌಡ್ರ ಮಗ ಹುಡುಕಲು ಹೊರಟ. ಗಾರ್ಡ್ ತಡೆದರು. ಇಲ್ಲಿ ಹೆಚ್ಚಿನ ಕರುಗಳು ಮಳೆಗಾಲದ ಆಸುಪಾಸಿನವು, ಈಗ ತಾನೇ ಮೇಯುವಷ್ಟು ದೊಡ್ಡವು. ನಾವು ಹುಡುಕಿ ಓಡಿಸಿದರೆ ಅದೂ ರಸ್ತೆಗೇ ಬರುತ್ತದೆ. ತೀರಾ ಸಣ್ಣ ಮರಿಯಾದರೂ ಅಷ್ಟೇ, ಒಂಟಿಯಾಗಿ ಕಂಡ ಮಾತ್ರಕ್ಕೆ ತಬ್ಬಲಿ ಅಂತಲ್ಲ. ತಾಯಿ ಮರಿಯನ್ನು ಪೊದೆಯಲ್ಲಿ ಮಲಗಿಸಿ ಮೇಯಲು ಹೋಗುತ್ತದೆ. ಪಾಪ ಅಂತ ಎತ್ತಿಕೊಂಡು ಬಂದು ದನದ ಹಾಲು ಕುಡಿಸಿ, ಭೇದಿಯಾಗಿ ಸತ್ತ ಮರಿಗಳ ಕಥೆ ಈ ಕಡೆ ಬೇಕಾದಷ್ಟಿದೆ.

ಇಷ್ಟೆಲ್ಲ ಬರೆದೆ ಅಂತ ನಮಗೂ ಕಡವೆಗೂ ಬಾಳ ಸ್ನೇಹ ಅಂದುಕೊಳ್ಳಬೇಡಿ. ಈ ಸಲ ಭತ್ತ ಹಾಲುಗಟ್ಟುವ ಹೊತ್ತಿಗೆ ಕೆಳಗಿನ ಗದ್ದೆಯಲ್ಲಿ ಒಂದು ಮೂಲೆ ಇವೇ ಮುಗಿಸಿದವು. ತಿಂದದ್ದಕ್ಕಿಂತ ತುಳಿದದ್ದು ಜಾಸ್ತಿ. ಕೊಂಬಿನವು ಅಡಿಕೆ ಸಸಿಗೆ ಉಜ್ಜಿ ಸಿಪ್ಪೆ ಎಬ್ಬಿಸುತ್ತವೆ. ಅತ್ತೆಯ ಹಳೇ ಸೀರೆಗಳೆಲ್ಲ ಬೇಲಿಯಾಗಿವೆ, ಕಡವೆ ಅದಕ್ಕೂ ಒಗ್ಗಿಕೊಂಡವು. ಈಗ ಐಬೆಕ್ಸ್ ಬೇಲಿ. ಅದರ ಕರೆಂಟು ಬಿಟ್ಟು ಬಿಟ್ಟು ಹೊಡೆಯುತ್ತದೆ, ಹೆದರಿಸುತ್ತದೆ, ಕೊಲ್ಲುವುದಿಲ್ಲ. ಮನೆ ಲೈನಿನಿಂದ ನೇರ ತಂತಿ ಎಳೆಯುವವರ ಬಗ್ಗೆ ನನಗೆ ಮರುಕ ಇಲ್ಲ. ಅದರಲ್ಲಿ ಸಾಯುವುದು ಕಡವೆ ಮಾತ್ರ ಅಲ್ಲ.

ಕಾಡುಕುರಿಯ ಮೇಲೆ, ಅಂದರೆ ಬೊಗಳುವ ಜಿಂಕೆಯ ಮೇಲೆ, ಮಾತ್ರ ಮನೆಯಲ್ಲಿ ಯಾರಿಗೂ ಸಿಟ್ಟಿಲ್ಲ. ರಾತ್ರಿ ಒಂದೇ ಸಮನೆ ಬೊಗಳಿದರೆ ಚಿರತೆ ಓಡಾಡುತ್ತಿರಬಹುದು ಅಂತ ಲೆಕ್ಕ, ನಾಯಿಯನ್ನು ಒಳಗೆ ಕಟ್ಟುತ್ತೇವೆ. ಜಿಂಕೆಯಂಥದ್ದೇ ಆದ ಪುಟ್ಟ ಬರ್ಕ ಕಾಣಿಸುವುದೇ ಅಪರೂಪ. ಮೊಲದಷ್ಟು ಪ್ರಾಣಿ, ಟೈರಿನ ಕೆಳಗೆ ಹೋದರೆ ಡ್ರೈವರಿಗೆ ಗೊತ್ತೂ ಆಗುವುದಿಲ್ಲ.

ಗದ್ದೆ ಜಗಳಕ್ಕೆ ಬೇಲಿ ಇದೆ, ರಸ್ತೆಗೆ ಏನಿದೆ? ನಮ್ಮ ಹೆದ್ದಾರಿ ಒಂದು ಬದಿ ತುಂಗೆ, ಇನ್ನೊಂದು ಬದಿ ಶೆಟ್ಟಿಹಳ್ಳಿ ಅಭಯಾರಣ್ಯದ ಕಾಡು. ಹಳ್ಳ ಬತ್ತಿದ ಮೇಲೆ ನೀರಿಗೆ ಹೋಗಬೇಕೆಂದರೆ ದಾಟಲೇಬೇಕು. ರಸ್ತೆ ಗುಂಡಿಬಿದ್ದಾಗ ಎಲ್ಲರೂ ಬೈಯುತ್ತಿದ್ದೆವು, ನಾನೂ ಬೈದಿದ್ದೇನೆ. ಆಗ ಇಷ್ಟು ಸಾಯುತ್ತಿರಲಿಲ್ಲ. ನುಣ್ಣಗಾದ ಮೇಲೆ ಎಲ್ಲರಿಗೂ ಅವಸರ. 80ರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಬ್ರೇಕ್ ಒತ್ತಬೇಕು ಅಂತ ಹೊಳೆಯುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. 40ರಲ್ಲಿ ಅದರ ಅರ್ಧ. ಹೈಬೀಮ್ ಕಣ್ಣಿಗೆ ಬಿದ್ದರೆ ಕಡವೆ ಓಡುವುದಿಲ್ಲ, ನಿಂತುಬಿಡುತ್ತದೆ. ಲೈಟ್ ಡಿಮ್ ಮಾಡಿ, ನಿಧಾನ ಮಾಡಿ, ದಾರಿ ಕೊಡಿ. ಒಂದು ದಾಟಿತು ಅಂತ ಆಕ್ಸಿಲರೇಟರ್ ಒತ್ತಬೇಡಿ, ಹಿಂದೆ ಇನ್ನೊಂದು ಇರುತ್ತದೆ.

ಬಂಡೀಪುರದ ಹಾಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ನಿಲ್ಲಿಸಲಿ ಅಂತ ಪೇಟೆಯ ಗೆಳತಿಯರು ಹೇಳುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಇದು ಊರೂರು ಪೋಣಿಸಿದ ರಸ್ತೆ. ನಡುರಾತ್ರಿ ಎದೆನೋವು ಬಂದರೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಇದರಲ್ಲೇ ಓಡಬೇಕು. ನಿಲ್ಲಿಸುವುದು ಬೇಡ, ನಿಧಾನ ಮಾಡಿಸಿದರೆ ಸಾಕು.

ಗಾರ್ಡ್ ಹೊರಡುವ ಮೊದಲು ತಿರುವು ತೋರಿಸಿದೆ. ಲಂಟಾನ ಪೊದೆ ಟಾರಿನವರೆಗೂ ಬಂದು ಬಾಗಿದೆ. ಕಡವೆಗೆ ಗಾಡಿ ಕಾಣುವುದಿಲ್ಲ, ಗಾಡಿಯವರಿಗೆ ಕಡವೆ ಕಾಣುವುದಿಲ್ಲ. ಎರಡು ಮಾರು ಸವರಿದರೆ ಇಬ್ಬರಿಗೂ ಒಂದು ಗಳಿಗೆ ಸಿಗುತ್ತದೆ. ಮೇಲಿನವರನ್ನು ಕೇಳಿ ಹೇಳುತ್ತೇನೆ ಅಂದರು. ಒಪ್ಪಿಗೆ ಸಿಕ್ಕರೆ ಭಾನುವಾರ ನಾಲ್ಕೈದು ಮನೆಯವರು ಕತ್ತಿ ಹಿಡಿದು ಹೋಗುವುದು ಅಂತ ಮಾತಾಗಿದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ನಮ್ಮನೆಯವರಿಗೆ ಹೇಳಿದೆ. "ಕಡವೆಗೆ ದಾರಿ ಸಲೀಸು ಮಾಡ್ಕೊಟ್ಟು ನಮ್ಮ ಗದ್ದೆಗೇ ಕಳಿಸ್ತೀಯಾ?" ಅಂದರು. ಹಾಗೆ ಅಂದವರು ಈಗ ಜಗಲಿಯಲ್ಲಿ ಕೂತು ಕತ್ತಿ ಮಸೆಯುತ್ತಿದ್ದಾರೆ. ಐಬೆಕ್ಸ್ ಬ್ಯಾಟರಿಗೆ ನೀರು ಹಾಕುವುದನ್ನೂ ನೆನಪಿಸಬೇಕು.