ಹಂಚದೆ ಉಳಿದ ಆಮಂತ್ರಣ, ಐದು ಕವರು

2024ರ ಜುಲೈಯಲ್ಲಿ ಬ್ಯಾಂಕಿನ ಒಂದು ಸಾಲದ ಕೊನೆ ಕಂತು ಕಟ್ಟಿ ಬಂದೆ. ದೊಡ್ಡ ಸಾಲವೇನಲ್ಲ, 80 ಸಾವಿರ. ಮೆಷಿನ್‌ಗೆ ಅಂತಲೋ ಮನೆಗೆ ಅಂತಲೋ ತೆಗೆದದ್ದಲ್ಲ. ಲಾಕ್‌ಡೌನ್‌ನಲ್ಲಿ ಸಂಬಳ ಕೊಡಲಿಕ್ಕೆ ತೆಗೆದದ್ದು. ಮನೆಗೆ ಬಂದು 2020ರ ಲೆಕ್ಕದ ಪುಸ್ತಕ ಬಿಡಿಸಿ ಕೂತೆ. ಕೆಲವು ಪುಟಗಳಲ್ಲಿ ಪೆನ್ಸಿಲ್‌ನಲ್ಲಿ ಬರೆದು ಅಳಿಸಿ, ಮತ್ತೆ ಬರೆದು ಕಾಗದವೇ ತೆಳ್ಳಗಾಗಿದೆ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದ ಹತ್ತಿರ ಸಣ್ಣ ಪ್ರೆಸ್ಸು. ಮುಂದೆ ಪ್ರೆಸ್ಸು, ಹಿಂದೆ ಮನೆ. ಮನೆಯವರು ಆರ್ಡರ್ ತರುತ್ತಾರೆ, ಡೆಲಿವರಿ ನೋಡುತ್ತಾರೆ. ಲೆಕ್ಕ, ಪ್ರೂಫ್ ನನ್ನದು. ಕೆಲಸಕ್ಕೆ ಐದು ಜನ. ಮೆಷಿನ್ ಓಡಿಸುವವರನ್ನು ನಾವೆಲ್ಲ ಮೆಷಿನಣ್ಣ ಎಂದೇ ಕರೆಯುವುದು. ಅವರಿಗೆ ಒಬ್ಬ ಹೆಲ್ಪರ್ ಹುಡುಗ. ಬೈಂಡಿಂಗ್‌ಗೆ ಇಬ್ಬರು ಅಕ್ಕಂದಿರು. ಕಂಪ್ಯೂಟರಿನಲ್ಲಿ ಕನ್ನಡ, ಮಲಯಾಳ ಎರಡನ್ನೂ ಟೈಪ್ ಮಾಡುವ ಒಬ್ಬಳು ಹುಡುಗಿ. ಆಗ ಮೆಷಿನಣ್ಣನಿಗೆ 18 ಸಾವಿರ, ಹುಡುಗಿಗೆ 12, ಹೆಲ್ಪರ್‌ಗೆ 11, ಬೈಂಡಿಂಗ್‌ನವರಿಗೆ ಒಂಬತ್ತೊಂಬತ್ತು. ತಿಂಗಳಿಗೆ ಒಟ್ಟು 59 ಸಾವಿರ.

ಈ ಊರಿನಲ್ಲಿ ಪ್ರೆಸ್ಸಿನ ಬದುಕು ದೀಪಾವಳಿಯಿಂದ ಪತ್ತನಾಜೆಯವರೆಗೆ, ಅಂದರೆ ಉತ್ಸವಗಳೆಲ್ಲ ಮುಗಿಯುವ ದಿನದವರೆಗೆ. ಮದುವೆ, ನೇಮ, ಬ್ರಹ್ಮಕಲಶ, ಕಳಿಯಾಟ, ಉರೂಸ್, ಶಾಲೆಗಳ ವಾರ್ಷಿಕೋತ್ಸವ, ಯಕ್ಷಗಾನದ ನೋಟೀಸು, ಎಲ್ಲ ಈ ಆರೇಳು ತಿಂಗಳಲ್ಲೇ. ಅದರಲ್ಲೂ ಮಾರ್ಚ್, ಏಪ್ರಿಲ್, ಮೇ ಬಂದರೆ ರಾತ್ರಿ ಹಗಲು ಒಂದೇ. ಮೇ ಕೊನೆಗೆ ಪತ್ತನಾಜೆ ಕಳೆಯಿತು ಅಂದರೆ ದೈವಗಳೂ ಒಳಗೆ, ಮೇಳಗಳೂ ಒಳಗೆ, ನಾವೂ ಒಳಗೆ. ಮಳೆಗಾಲದ ಸಂಬಳವನ್ನು ನಾವು ಬೇಸಗೆಯಲ್ಲೇ ದುಡಿದಿಟ್ಟುಕೊಳ್ಳಬೇಕು. ಲಾಕ್‌ಡೌನ್ ಬಿದ್ದದ್ದು ಸರಿಯಾಗಿ ಆ ಬೇಸಗೆಯ ಮೇಲೆ.

ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ, 25ರಿಂದ ದೇಶವೇ ಬಂದ್. ನಮಗೆ ಇನ್ನೂ ಒಂದು ಬೀಗ ಬಿತ್ತು. ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದರು. ಒಳದಾರಿಗಳಿಗೆ ಮಣ್ಣು ಸುರಿದರು. ಕಾಸರಗೋಡಿನಲ್ಲಿ ಆಗ ಕೇಸು ಜಾಸ್ತಿ ಇತ್ತು, ಭಯ ಎಲ್ಲರಿಗೂ ಇತ್ತು, ಅದು ನನಗೂ ಗೊತ್ತು. ಆದರೆ ನಾವು ಹುಷಾರಿಲ್ಲದಿದ್ದರೆ ಓಡುವುದು ಮಂಗಳೂರಿಗೆ. ಆ ದಿನಗಳಲ್ಲಿ ದಾರಿ ಸಿಗದೆ ಜೀವ ಬಿಟ್ಟವರಿದ್ದಾರೆ. ಅದರ ಮುಂದೆ ನಮ್ಮ ಪ್ರೆಸ್ಸಿನ ಕಷ್ಟ ಹೇಳಿಕೊಳ್ಳುವುದಕ್ಕೆ ಇವತ್ತಿಗೂ ನನಗೆ ಸಂಕೋಚ.

ಆದರೂ ಹೇಳುತ್ತೇನೆ. ನಮ್ಮ ಅಚ್ಚಿನ ಪ್ಲೇಟು ಮಾಡಿಸುವುದು ಮಂಗಳೂರಿನಲ್ಲಿ. ಬೆಳಗಿನ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸುತ್ತಾರೆ, ನಾವು ಸ್ಟಾಪಿನಲ್ಲಿ ನಿಂತು ತೆಗೆದುಕೊಳ್ಳುತ್ತೇವೆ. ಕಾಗದ, ಇಂಕು ಎಲ್ಲ ಅಲ್ಲಿಂದಲೇ. ಮೆಷಿನಣ್ಣನ ಮನೆಯೂ ಗಡಿಯ ಆಚೆಗೆ. ಇಪ್ಪತ್ತು ವರ್ಷ ದಿನಾ ದಾಟಿದ ದಾರಿ ಅವರಿಗೆ ಒಂದೇ ರಾತ್ರಿಗೆ ಬೇರೆ ದೇಶವಾಯಿತು.

ಆಫ್‌ಸೆಟ್ ಮೆಷಿನನ್ನು ಸುಮ್ನೆ ನಿಲ್ಲಿಸಿ ಇಡುವ ಹಾಗಿಲ್ಲ. ರೋಲರ್‌ನಲ್ಲಿ ಉಳಿದ ಇಂಕು ಕೆನೆಗಟ್ಟುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ನಾಲ್ಕು ದಿನಕ್ಕೊಮ್ಮೆ ಮೆಷಿನಣ್ಣ ಫೋನ್ ಮಾಡುತ್ತಿದ್ದರು. ನಾನು ವಿಡಿಯೊ ಹಾಕಿ ಫೋನನ್ನು ಫೀಡ್ ಬೋರ್ಡಿಗೆ ಒರಗಿಸಿ, ಸೀಮೆಎಣ್ಣೆ ಹಾಕಿದ ಬಟ್ಟೆಯಿಂದ ರೋಲರ್ ಒರೆಸುತ್ತಿದ್ದೆ. "ಮೇಲಿನದ್ದು ಬಿಟ್ಟಿರಿ ಅಕ್ಕ, ಎಡಬದಿ." ಒರೆಸಿದ ಮೇಲೆ ಹತ್ತು ನಿಮಿಷ ಖಾಲಿ ಓಡಿಸಬೇಕು. ಆಗ ಅವರು ವಿಡಿಯೊ ನೋಡುತ್ತಲೇ ಇರಲಿಲ್ಲ. "ಫೋನ್ ಸ್ವಲ್ಪ ಕೆಳಗೆ ಹಿಡೀರಿ, ಶಬ್ದ ಕೇಳಲಿ" ಎನ್ನುತ್ತಿದ್ದರು. ಕಿವಿ ಕೊಟ್ಟು ಕೇಳಿ, "ಬಲಬದಿಗೆ ಎರಡು ತೊಟ್ಟು ಎಣ್ಣೆ ಬಿಡಿ" ಅನ್ನುವರು. ಎಣ್ಣೆ ಬಿಟ್ಟರೆ ಕಿರಕಿರ ನಿಂತೇ ಹೋಗುತ್ತಿತ್ತು. ಅಷ್ಟೆಲ್ಲ ಆದ ಮೇಲೂ ಸಂಬಳದ ಸುದ್ದಿ ಒಂದು ದಿನವೂ ಅವರು ಎತ್ತಲಿಲ್ಲ. ಅವರು ಎತ್ತದೇ ಇದ್ದದ್ದೇ ನನಗೆ ಜಾಸ್ತಿ ಭಾರ.

ಖಾತೆಯಲ್ಲಿ ಆಗ ಇದ್ದದ್ದು 72 ಸಾವಿರ. ಮಾರ್ಚ್ ಸಂಬಳ ಪೂರ್ತಿ ಕೊಟ್ಟೆ. ಉಳಿದದ್ದು 13. ಬರಬೇಕಾದ ಬಾಕಿ 1,37,000. ಪುಸ್ತಕದಲ್ಲಿ ನೋಡಿದರೆ ಎರಡು ತಿಂಗಳ ಸಂಬಳಕ್ಕೆ ಆಗಿ ಮಿಗುತ್ತದೆ. ಪುಸ್ತಕದಲ್ಲಿ ಮಾತ್ರ.

ಮಾರ್ಚ್ 29ಕ್ಕೆ ಕೇಂದ್ರದ ಗೃಹ ಇಲಾಖೆಯ ಆದೇಶ ಬಂತು. ಲಾಕ್‌ಡೌನ್ ದಿನಗಳಿಗೂ ಕೆಲಸಗಾರರಿಗೆ ಕಡಿತ ಇಲ್ಲದೆ ಸಂಬಳ ಕೊಡಬೇಕು, ಅಂಗಡಿಯಾಗಲಿ ಕಾರ್ಖಾನೆಯಾಗಲಿ. ಆದೇಶ ತಪ್ಪು ಎಂದು ನಾನು ಇವತ್ತೂ ಹೇಳುವುದಿಲ್ಲ. ಕೆಲಸಗಾರರೇನು ತಪ್ಪು ಮಾಡಿದ್ದಾರೆ? ಆದರೆ ದುಡ್ಡು ಎಲ್ಲಿಂದ ಅನ್ನುವುದು ಅದರಲ್ಲಿ ಇರಲಿಲ್ಲ. ಮೇ 18ರಿಂದ ಆ ಆದೇಶ ಹೋಯಿತು. ಜೂನ್ 12ಕ್ಕೆ ಸುಪ್ರೀಂ ಕೋರ್ಟು, ಮಾಲೀಕರೂ ಕೆಲಸಗಾರರೂ ಕೂತು ಮಾತಾಡಿಕೊಳ್ಳಿ ಎಂದಿತು. ಅಷ್ಟರಲ್ಲಿ ನಾವು ಮಾತಾಡಿ ಆಗಿತ್ತು. ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಮಗ ಅದೇ ಸಮಯಕ್ಕೆ ಫೋನ್ ಮಾಡಿ, ಅಲ್ಲಿ ಮನೆಯಲ್ಲಿ ಕೂತವರ ಸಂಬಳದ ನೂರಕ್ಕೆ 80 ಪಾಲು ಸರ್ಕಾರವೇ ಕೊಡುತ್ತದೆ, ತಿಂಗಳಿಗೆ 2,500 ಪೌಂಡಿನವರೆಗೆ, ಎಂದ. ಅವನು ನನ್ನ ಸಮಾಧಾನಕ್ಕೆ ಏನೋ ಹೇಳುತ್ತಿದ್ದಾನೆ ಅಂದುಕೊಂಡೆ. ನಿಜವೇ ಆಗಿತ್ತು.

ನಮ್ಮಲ್ಲಿಯೂ ಒಂದು ಸಹಾಯ ಬಂತು. ನೂರು ಜನರವರೆಗಿನ ಸಂಸ್ಥೆಗಳಲ್ಲಿ, ಕಡಿಮೆ ಸಂಬಳದವರೇ ಹೆಚ್ಚಿದ್ದರೆ, ಪಿಎಫ್‌ನ ಎರಡೂ ಪಾಲನ್ನು ಕೆಲವು ತಿಂಗಳು ಸರ್ಕಾರವೇ ಕಟ್ಟಿತು. ಆದರೆ ಪಿಎಫ್ ಕಡ್ಡಾಯ ಆಗುವುದೇ ಇಪ್ಪತ್ತು ಜನರಿದ್ದರೆ. ಇಎಸ್‌ಐಗೆ, ಅಂದರೆ ಕೆಲಸಗಾರರ ವಿಮೆಗೆ, ಹತ್ತು ಜನ ಬೇಕು. ಐದು ಜನರ ಪ್ರೆಸ್ಸು ಎರಡಕ್ಕೂ ಸಿಗುವುದಿಲ್ಲ. ಹೀಗೆ ಲೆಕ್ಕಕ್ಕೇ ಸಿಗದ ಅಂಗಡಿಗಳು ನಮ್ಮ ಬೀದಿಯಲ್ಲಿ ಎಷ್ಟಿಲ್ಲ? ಟೈಲರು, ಬೇಕರಿ, ವೆಲ್ಡಿಂಗ್, ಸ್ಟುಡಿಯೊ.

ಏಪ್ರಿಲ್ ಕೊನೆಗೆ ನನ್ನ ಬಳೆ ಅಡವಿಟ್ಟೆವು. 60 ಸಾವಿರ ಸಿಕ್ಕಿತು. ಅವತ್ತು ರಾತ್ರಿ ಇವರೂ ನಾನೂ ಮಾತಾಡಿದ್ದು ಒಂದೇ ವಿಷಯ. ಪೂರ್ತಿ ಸಂಬಳ ಕೊಟ್ಟರೆ ಈ ದುಡ್ಡು ಇವತ್ತೇ ಮುಗಿಯುತ್ತದೆ. ಮೇಗೆ ಎಂತ? ಜೂನ್‌ಗೆ ಎಂತ? ಎಲ್ಲರಿಗೂ ಅರ್ಧ ಕೊಟ್ಟೆವು. 29,500.

ಮೇ ಎರಡನೇ ವಾರ ಅಂಗಡಿ ತೆರೆಯಬಹುದು ಎಂದಾಗ ಎಲ್ಲರನ್ನೂ ಕರೆದೆ. ಕಟಿಂಗ್ ಮೆಷಿನಿನ ಮೇಲೆ ಲೆಕ್ಕದ ಪುಸ್ತಕ ಬಿಡಿಸಿಟ್ಟೆ. ಪಕ್ಕದಲ್ಲಿ ಫೋನು, ಸ್ಪೀಕರಿನಲ್ಲಿ ಮೆಷಿನಣ್ಣ. ಇಷ್ಟು ಇದೆ, ಇಷ್ಟು ಬರಬೇಕು, ಯಾರು ಯಾರು ಕೊಡಬೇಕು, ಎಲ್ಲ ಓದಿದೆ. ಬೈಂಡಿಂಗ್ ಅಕ್ಕ ಒಬ್ಬರು ಪುಸ್ತಕವನ್ನೇ ನೋಡುತ್ತಾ, "ಇಷ್ಟೇಯಾ?" ಎಂದರು. ಇಷ್ಟು ವರ್ಷ ಅವರು ನಮ್ಮದು ಬೇರೆಯೇ ಲೆಕ್ಕ ಅಂದುಕೊಂಡಿದ್ದಿರಬೇಕು. ಆ ದಿನದಿಂದ ನಮ್ಮಲ್ಲಿ ಪುಸ್ತಕ ಮುಚ್ಚಿಡುವ ಕ್ರಮ ಇಲ್ಲ.

ಯಾರಿಗೆ ಎಷ್ಟು ಆಗಲೇಬೇಕು ಎಂದು ಕೇಳಿದೆ. ಆ ಅಕ್ಕನಿಗೆ ಗಂಡ ಇಲ್ಲ, ಎರಡು ಮಕ್ಕಳು. ಕೇರಳ ಸರ್ಕಾರದ 17 ಸಾಮಾನಿನ ಕಿಟ್ಟು, ರೇಷನ್ ಅಕ್ಕಿ ಬಂದು ಹೊಟ್ಟೆಗೆ ತೊಂದರೆ ಇರಲಿಲ್ಲ, ಆದರೆ ಬಾಡಿಗೆ ಇತ್ತು. ಅವರಿಗೆ ಪೂರ್ತಿ ಕೊಡುವುದು ಎಂದಾಯಿತು. ಮೆಷಿನಣ್ಣ ಫೋನಿನೊಳಗಿಂದ, "ನನ್ನದು ಕೊನೆಗೆ ಇರಲಿ ಅಕ್ಕ, ಈ ತಿಂಗಳು ಬೇಡ" ಎಂದರು. ಅವರದ್ದು ಕರ್ನಾಟಕದ ರೇಷನ್ ಕಾರ್ಡು, ಆ ಕಿಟ್ಟೂ ಅವರಿಗೆ ಇರಲಿಲ್ಲ. ಕಂಪ್ಯೂಟರ್ ಹುಡುಗಿ, "ನನಗೆ ಅರ್ಧ ಸಾಕಕ್ಕ" ಎಂದಳು.

ಸಾಕಾಗುತ್ತಿರಲಿಲ್ಲ. ದುಬೈಯಲ್ಲಿದ್ದ ಅವಳ ಅಣ್ಣನಿಗೆ ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಮನೆಗೆ ಅವಳದ್ದೊಂದೇ ದುಡಿಮೆ. ಐದು ಜನರ ಎದುರು ನಿಮ್ಮ ಮನೆಯ ಕಷ್ಟ ಹೇಳಿ ಅಂದರೆ ಇಪ್ಪತ್ತಮೂರರ ಹುಡುಗಿ ಹೇಳುತ್ತಾಳಾ? ಲೆಕ್ಕ ಎಲ್ಲರ ಎದುರು ತೆರೆದದ್ದು ಸರಿ. ಅವರವರ ಅಗತ್ಯವನ್ನು ನಾನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಬೇಕಿತ್ತು. ಸೆಪ್ಟೆಂಬರಿನಲ್ಲಿ ಅವಳು ಕಾಸರಗೋಡಿನ ಒಂದು ಬಟ್ಟೆ ಅಂಗಡಿಗೆ ಸೇರಿದಳು. ಹೋಗುವಾಗ ನಮ್ಮಿಂದ ಅವಳಿಗೆ 18 ಸಾವಿರ ಬರಬೇಕಿತ್ತು. ಪೂರ್ತಿ ಕೊಟ್ಟು ಮುಗಿಸಿದ್ದು 2021ರ ಡಿಸೆಂಬರಿನಲ್ಲಿ. ಅವಳಷ್ಟು ತಪ್ಪಿಲ್ಲದೆ ಎರಡು ಲಿಪಿ ಟೈಪ್ ಮಾಡುವವರು ನಮಗೆ ಮತ್ತೆ ಸಿಗಲಿಲ್ಲ.

ಇನ್ನು ಬಾಕಿಯ ವಿಷಯ. ಅದಕ್ಕೇ ಇದನ್ನೆಲ್ಲ ಬರೆಯಲು ಕೂತದ್ದು.

1,37,000ರಲ್ಲಿ ದೊಡ್ಡದು ಒಂದು ಉತ್ಸವದ ಸಮಿತಿಯದು, 46 ಸಾವಿರ. ಬಣ್ಣದ ಆಮಂತ್ರಣ, ಮನೆಮನೆಗೆ ಹಂಚುವ ನೋಟೀಸು, ರಶೀದಿ ಪುಸ್ತಕ, ಎಲ್ಲ ಮಾರ್ಚ್ ಮೊದಲ ವಾರವೇ ತಲುಪಿಸಿದ್ದೆವು. ಅವಸರದ ಕೆಲಸ ಎಂದು ಮೆಷಿನಣ್ಣ, ಹೆಲ್ಪರ್ ನಾಲ್ಕು ರಾತ್ರಿ ನಿದ್ದೆ ಬಿಟ್ಟಿದ್ದರು. ಫೋನ್ ಮಾಡಿದರೆ, "ಕಾರ್ಯಕ್ರಮವೇ ಆಗ್ಲಿಲ್ಲ ಅಲ್ವಾ ಅಕ್ಕ, ಕಲೆಕ್ಷನ್ನೇ ಇಲ್ಲ, ನಾವು ಎಲ್ಲಿಂದ ಕೊಡುವುದು?" ಅವರು ಹೇಳಿದ್ದು ಸುಳ್ಳಲ್ಲ. ಆದರೆ ಕಾಗದ ಖರ್ಚಾಗಿದೆ, ಇಂಕು ಖರ್ಚಾಗಿದೆ, ಎರಡು ಜನರ ನಾಲ್ಕು ರಾತ್ರಿ ಖರ್ಚಾಗಿದೆ. ನೋಟೀಸು ಹಂಚಲಿಲ್ಲ ಎಂದರೆ ಅದು ಅಚ್ಚಾಗಲಿಲ್ಲ ಎಂದು ಆಗುತ್ತದಾ?

ಕಾನೂನು ಉಂಟು. ಸಣ್ಣ ಉದ್ದಿಮೆಗಳಿಗೆ ಇರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣವರಿಂದ ಸಾಮಾನು ತೆಗೆದುಕೊಂಡವರು ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ದೂರು ಕೊಡಲಿಕ್ಕೆ ಸಮಾಧಾನ್ ಎಂಬ ಪೋರ್ಟಲ್ಲೂ ಆಗ ಇತ್ತು. ಊರಿನಲ್ಲಿ ಪ್ರೆಸ್ಸು ಇಟ್ಟುಕೊಂಡು ಊರಿನ ಸಮಿತಿಯ ಮೇಲೆ ದೂರು ಕೊಡುವುದು ಹೇಗೆ? ನಾನು ಕೊಡಲಿಲ್ಲ.

ಅದೇ ಜೂನ್‌ನಲ್ಲಿ ಒಬ್ಬರು ಬಂದರು, ಮದುಮಗಳ ತಂದೆ. ಮೇ ಮೂರಕ್ಕೆ ಇದ್ದ ಮದುವೆಗೆ 750 ಕಾಗದ ಅಚ್ಚು ಹಾಕಿಸಿದ್ದರು. ಮದುವೆ ಮುಂದೆ ಹೋಗಿ, ಮನೆಯಂಗಳದಲ್ಲಿ ಐವತ್ತು ಜನರೊಳಗೆ ಮಾಡುವುದು ಎಂದಾಗಿತ್ತು. ಮೂವತ್ತು ಕಾಗದ ಎಣಿಸಿ ತೆಗೆದುಕೊಂಡು, ನಮ್ಮ ಬೆಂಚಿನ ಮೇಲೆಯೇ ಕೂತು ಹಳೆ ತಾರೀಕು ಹೊಡೆದು ಹೊಸದು ಬರೆದರು. ಆಮೇಲೆ 750ಕ್ಕೂ ಲೆಕ್ಕ ಹಾಕಿ 9,300 ರೂಪಾಯಿ ಎಣಿಸಿದರು. ನಾನು ಸ್ವಲ್ಪ ಬಿಡುತ್ತೇನೆ ಅಂದೆ. "ನೀವು ಅಚ್ಚು ಹಾಕಿದ್ದೀರಲ್ಲ" ಅಂದರು. ಉಳಿದ ಕಾಗದ, ಕವರು ಇಟ್ಟುಕೊಳ್ಳಿ ಎಂದು ಹೋದರು. ಆ ತಿಂಗಳ ಸಂಬಳವನ್ನು ನಾನು ಆ ಕವರುಗಳಲ್ಲೇ ಹಾಕಿ ಕೊಟ್ಟೆ. ಮೂಲೆಯಲ್ಲಿ ಬಂಗಾರದ ಬಣ್ಣದ ಗಣಪತಿ, ಕೆಳಗೆ ಪೆನ್ಸಿಲಿನಲ್ಲಿ ಅವರವರ ಹೆಸರು. ಆ ಕವರು ಇನ್ನೂ ಮುಗಿದಿಲ್ಲ.

ಮಳೆಗಾಲ ನಮ್ಮನ್ನು ಉಳಿಸಿದ್ದು ವಿಸಿಟರ್ ರಿಜಿಸ್ಟರು. ಕೇರಳದಲ್ಲಿ ಅಂಗಡಿಗೆ ಬಂದವರ ಹೆಸರು, ಫೋನ್ ನಂಬರು, ಸಮಯ ಬರೆಸಬೇಕು ಎಂದಾಯಿತಲ್ಲ? ಸೀಸನ್‌ಗೆ ಎಂದು ತಂದ ಮ್ಯಾಪ್‌ಲಿಥೋ ಕಾಗದ 14 ರೀಮು ಹಾಗೇ ಇತ್ತು. ಮಳೆ ಹಿಡಿದರೆ ತೇವ ಎಳೆದು ಅಲೆಅಲೆಯಾಗಿ ಮೆಷಿನ್ನೇ ಹಿಡಿಯುವುದಿಲ್ಲ. ಹೆಲ್ಪರ್ ಹುಡುಗ ಫೋನಿನಲ್ಲಿ ಮೆಷಿನಣ್ಣನನ್ನು ಕೇಳಿ ಕೇಳಿ ಓಡಿಸಿದ. ಅಕ್ಕಂದಿರು ಹೊಲಿದರು. ಮತ್ತೆ ಹಪ್ಪಳ, ಚಿಪ್ಸು, ಉಪ್ಪಿನಕಾಯಿ ಮಾಡಲು ಶುರುಮಾಡಿದ ಹೆಂಗಸರಿಗೆ ಲೇಬಲ್ಲು. ಆಗಸ್ಟ್ ಕೊನೆಗೆ ಗಡಿ ಸಲೀಸಾಗಿ ಮೆಷಿನಣ್ಣ ಬಂದಾಗ ಹುಡುಗ ಅರ್ಧ ಮೆಷಿನ್‌ಮ್ಯಾನ್ ಆಗಿದ್ದ.

ಸಾಲದ ಮಾತು ಮುಗಿಸುತ್ತೇನೆ. ಮೇ 13ಕ್ಕೆ ವಿತ್ತ ಸಚಿವೆ ನಿರ್ಮಲಾ ಸೀತಾರಾಮನ್ ಅಡಮಾನ ಇಲ್ಲದ ಸಾಲ ಎಂದು ಘೋಷಿಸಿದರಲ್ಲ, 3 ಲಕ್ಷ ಕೋಟಿಯದು, ಅದೇ. ಫೆಬ್ರವರಿ 29ಕ್ಕೆ ಇದ್ದ ಹಳೆ ಸಾಲದ ನೂರಕ್ಕೆ 20 ಪಾಲು. ನಮ್ಮ ಮೆಷಿನ್ ಸಾಲ 4 ಲಕ್ಷ ಉಳಿದಿತ್ತು, ಹಾಗಾಗಿ 80 ಸಾವಿರ. ಸಾಲವೇ ಇಲ್ಲದೆ ಅಚ್ಚುಕಟ್ಟಾಗಿ ನಡೆಸಿದ ಪಕ್ಕದ ಟೈಲರಿಗೆ ಏನೂ ಸಿಗಲಿಲ್ಲ. ಅವರು ಇಬ್ಬರು ಹುಡುಗರನ್ನು ಕಳಿಸಿಬಿಟ್ಟರು. ನಮಗೆ ಸಿಕ್ಕಿದ್ದು ಒಂದೂಕಾಲು ತಿಂಗಳ ಸಂಬಳಕ್ಕೆ ಸ್ವಲ್ಪ ಮೇಲೆ, ತೀರಿಸಲಿಕ್ಕೆ ನಾಲ್ಕು ವರ್ಷ.

ಆ 46 ಸಾವಿರದಲ್ಲಿ 2022ರಲ್ಲಿ ಉತ್ಸವ ನಡೆದಾಗ 20 ಬಂತು. ಸಮಿತಿ ಬದಲಾಗಿದೆ, ಹೊಸಬರು ಹಳಬರನ್ನು ಕೇಳಿ ಎನ್ನುತ್ತಾರೆ. ಪ್ರತಿ ಏಪ್ರಿಲ್ ಹೊಸ ಪುಸ್ತಕ ಶುರುಮಾಡುವಾಗ 26 ಸಾವಿರವನ್ನು ಮೊದಲ ಪುಟಕ್ಕೆ ತಂದು ಬರೆಯುತ್ತೇನೆ. 2024ರಲ್ಲಿ ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇನೆ: ಮೆಷಿನಣ್ಣ ಮತ್ತು ಹೆಲ್ಪರ್, ನಾಲ್ಕು ರಾತ್ರಿ.