ಕದ್ರಿ ಫಲಪುಷ್ಪ ಪ್ರದರ್ಶನ: ಮೊದಲ ದಿನವೇ ಯಾಕೆ ಹೋಗಬೇಕು

ಗಣರಾಜ್ಯೋತ್ಸವದ ಹೊತ್ತಿಗೆ ಮಂಗಳೂರಿನ ಕದ್ರಿ ಪಾರ್ಕಿನಲ್ಲಿ ನಡೆಯುವ ತೋಟಗಾರಿಕೆ ಇಲಾಖೆಯ ಫಲಪುಷ್ಪ ಪ್ರದರ್ಶನದಲ್ಲಿ ಹೂವಿನ ಕಲಾಕೃತಿಗಳನ್ನು ಚೆನ್ನಾಗಿ ನೋಡಬೇಕೆಂದಿದ್ದರೆ ಮೊದಲ ದಿನ ಬೆಳಿಗ್ಗೆ ಹೋಗಿ. ರಜೆಯ ಸಂಜೆಯ ನೂಕುನುಗ್ಗಲಿನಲ್ಲಿ ಹತ್ತಿರ ಹೋಗುವುದೇ ಕಷ್ಟ. ಮೇಲಾಗಿ ನಮ್ಮ ಸೆಕೆಗೆ ಹೂ ಬೇಗ ಸೋಲುತ್ತದೆ.

ಇಂಥ ಕಲಾಕೃತಿಯ ಒಳಗಿರುವುದು ಕಬ್ಬಿಣದ ಸರಳಿನ ಚೌಕಟ್ಟು, ಅದರ ಮೇಲೆ ತಂತಿ ಬಲೆ, ಬಲೆಯೊಳಗೆ ನೀರು ಹೀರಿದ ಹಸಿರು ಫೋಮ್. ತೊಟ್ಟನ್ನು ಓರೆಯಾಗಿ ಕತ್ತರಿಸಿ ಒಂದೂವರೆ ಇಂಚಿನಷ್ಟು ಒಳಗೆ ಚುಚ್ಚುತ್ತಾರೆ. ಕೆಲಸ ಕೆಡುವುದು ಹೆಚ್ಚಾಗಿ ಫೋಮ್ ನೆನೆಸುವಾಗ. ನೀರಿನ ಮೇಲೆ ಬಿಟ್ಟರೆ ಅದು ತಾನಾಗಿ ಮುಳುಗಬೇಕು. ಅವಸರಕ್ಕೆ ಕೈಯಿಂದ ಅದುಮಿದರೆ ಗಾಳಿ ಸಿಕ್ಕಿಕೊಂಡು ಹೊರಮೈ ಒದ್ದೆ, ನಡುವೆ ಒಣ. ಸುತ್ತಲಿನ ಹೂ ಚೆನ್ನಾಗಿದ್ದು ಒಂದೇ ಕಡೆ ಗುಂಪಾಗಿ ಬಾಡಿದ್ದರೆ ಕಾರಣ ಇದೇ ಇರಬಹುದು. ಪೂರ್ತಿ ಒಣಗಿದ ಫೋಮ್ ಮತ್ತೆ ಸರಿಯಾಗಿ ನೀರು ಹೀರುವುದಿಲ್ಲ, ಮೇಲಿಂದ ಎಷ್ಟು ಚಿಮುಕಿಸಿದರೂ ಅಷ್ಟೇ. ಸಂಜೆ ಚಿಮುಕಿಸಿದರಂತೂ ರಾತ್ರಿಯಿಡೀ ಎಸಳು ಒದ್ದೆಯಾಗಿದ್ದು ಕಂದು ಚುಕ್ಕೆ, ಬೂಷ್ಟು. ಬೆಳಿಗ್ಗೆ ಚಿಮುಕಿಸುವುದೇ ಸರಿ.

ಸೇವಂತಿಗೆ ಇದನ್ನೆಲ್ಲ ತಾಳಿಕೊಳ್ಳುತ್ತದೆ. ಗುಲಾಬಿಯ ಅಂಚು ಬೇಗ ಕಪ್ಪಾಗುತ್ತದೆ. ನಮ್ಮ ಶಂಕರಪುರ ಮಲ್ಲಿಗೆ ಎಷ್ಟು ಚಂದವಾದರೂ ಈ ಕೆಲಸಕ್ಕೆ ಆಗದು: ಮೊಗ್ಗಾಗಿ ಕೊಯ್ದದ್ದು ಸಂಜೆಗೆ ಅರಳಿ ಮರುದಿನ ಬಾಡುತ್ತದೆ. 800 ಹೂವಿಗೊಂದು ಚೆಂಡು, ನಾಲ್ಕು ಚೆಂಡಿಗೊಂದು ಅಟ್ಟೆ ಎಂದು ಕಟ್ಟಿ ಮಾರುವ, ಮುಡಿಯುವ ಹೂ ಅದು.

ಕಲ್ಲಂಗಡಿ ಕೆತ್ತನೆಯಿದ್ದರೆ ಮೊದಲು ಅದನ್ನೇ ನೋಡಿ. ಬಿಸಿಲೇರಿದಂತೆ ನೀರು ಬಿಟ್ಟು ಗೆರೆಗಳು ಮೆತ್ತಗಾಗುತ್ತವೆ. ಸಿಹಿಗುಂಬಳ, ಕ್ಯಾರೆಟ್ ಹೆಚ್ಚು ಹೊತ್ತು ನಿಲ್ಲುತ್ತವೆ.

ಕರಾವಳಿಯ ಪಾರ್ಕುಗಳಲ್ಲಿ ಕಾಯಂ ನಿಲ್ಲಿಸಿದ ಸಿಮೆಂಟ್ ಶಿಲ್ಪಗಳಿಗೆ ಕಂಟಕ ಉಪ್ಪುಗಾಳಿ. ಬೆರಳು, ಮೊಣಕೈಯಂಥ ಕಡೆ ಸಿಮೆಂಟ್ ಪದರ ತೆಳು. ತೇವ ಒಳಗಿಳಿದು ಸರಳಿಗೆ ತುಕ್ಕು ಹಿಡಿದರೆ ಅದು ಉಬ್ಬಿ ಸಿಮೆಂಟನ್ನು ಸೀಳುತ್ತದೆ. ಬಿರುಕಿನಿಂದ ಕೆಂಗಂದು ಗೆರೆ ಇಳಿದಿದ್ದರೆ ಅದೇ ಗುರುತು. ಅದರ ಮೇಲೆ ಬಣ್ಣ ಬಳಿಯುವುದು ದುರಸ್ತಿಯಲ್ಲ. ಒಡೆದು, ತುಕ್ಕು ಉಜ್ಜಿ ತೆಗೆದು, ಮತ್ತೆ ಗಾರೆ ಹಾಕಬೇಕು.

ಪ್ರದರ್ಶನವನ್ನು ಹತ್ತೂವರೆಯೊಳಗೆ ಮುಗಿಸಿದರೆ ಕದ್ರಿ ಮಂಜುನಾಥ ದೇವಸ್ಥಾನಕ್ಕೂ ಹೋಗಬಹುದು. ಅಲ್ಲಿನ ಕಂಚಿನ ಲೋಕೇಶ್ವರ ವಿಗ್ರಹ, ಪೀಠದ ಶಾಸನದಂತೆ, 968ರದ್ದು, ಆಳುಪ ದೊರೆ ಕುಂದವರ್ಮನ ಕಾಲದ್ದು. ಮಧ್ಯಾಹ್ನ ಬಾಗಿಲು ಹಾಕುವ ಮೊದಲು ತಲುಪಿ.